ಕಾಳುಮೆಣಸಿನ ರಾಣಿ ಮತ್ತು ಅವಳ ಬಂದರಿನ ಜನ

ಸಂತೆಗುಳಿ ಕಡೆಯಿಂದ ಮಿರ್ಜಾನ ಕೋಟೆ ನೋಡಲು ಹೋಗುವವರಿಗೆ ರಾಣಿ ಚೆನ್ನಭೈರಾದೇವಿಯ ಹೆಸರು ಹೊಸದಲ್ಲ. ಕೋಟೆ ಕಟ್ಟಿಸಿದ್ದು ಅವಳೇ ಅಂತ ಜನ ಹೇಳ್ತಾರೆ. ಬಿಜಾಪುರದವರು ಅನ್ನುವವರೂ ಇದ್ದಾರೆ. ಅದೇನೇ ಇರಲಿ, ಅವಳ ಬಲವೆಲ್ಲ ಇದ್ದದ್ದು ಬಂದರಿನ ಧಕ್ಕೆಯಲ್ಲಿ.

ಗೇರುಸೊಪ್ಪೆಯ ಸಾಳುವ ಮನೆತನದ ಈ ಜೈನ ರಾಣಿ 1552ರಿಂದ 1606ರವರೆಗೆ, ಬರೋಬ್ಬರಿ 54 ವರ್ಷ ಆಳಿದಳು. ಘಟ್ಟದ ಕಾಳುಮೆಣಸು ಶರಾವತಿಯಲ್ಲಿ ದೋಣಿ ಹತ್ತಿ ಹೊನ್ನಾವರಕ್ಕೆ ಇಳಿಯುತ್ತಿತ್ತು. ಅತ್ತ ಭಟ್ಕಳ ಅರಬ್ಬೀ ಕುದುರೆಗಳಿಗೆ ಹೆಸರಾದ ಬಂದರು. ಕಡಲ ವ್ಯಾಪಾರದಲ್ಲಿ ನವಾಯತರು, ಪೇಟೆಯಲ್ಲಿ ಕೊಂಕಣಿಗರು, ಜೈನ ಸೆಟ್ಟರು. ಗೋವೆಯಲ್ಲಿ ಮತವಿಚಾರಣೆಯ ಕಾಟ ಶುರುವಾದಾಗ ಓಡಿಬಂದ ಕೊಂಕಣಿ ಕುಟುಂಬಗಳಿಗೂ ಅವಳ ಸೀಮೆಯಲ್ಲಿ ಜಾಗ ಸಿಕ್ಕಿತು. ಬಂದವರು ಸುಮ್ಮನೆ ಕೂರುವವರಲ್ಲ, ವ್ಯಾಪಾರ ಗೊತ್ತಿದ್ದವರು. ರಾಣಿಗೂ ಅದು ಗೊತ್ತಿತ್ತು.

ಪೋರ್ಚುಗೀಸರು ಅವಳನ್ನು ಕರೆದದ್ದೇ ಮೆಣಸಿನ ರಾಣಿ ಎಂದು. ಕರೆದರು, ಬಿಡಲಿಲ್ಲ. 1569ರಲ್ಲಿ ಹೊನ್ನಾವರ ಹಿಡಿದು ಕೋಟೆ ಹಾಕಿಕೊಂಡರು. ಬಿಜಾಪುರದ ದಂಡು ಸೇರಿಸಿಕೊಂಡು ಹೋರಾಡಿದರೂ ಅದು ರಾಣಿಯ ಕೈಗೆ ಮರಳಲಿಲ್ಲ. ಆದರೂ ರಾಜ್ಯ ನಿಂತಿತು. ಕೆಡವಿದವರು ನೆರೆಯವರೇ: ಕೆಳದಿಯ ವೆಂಕಟಪ್ಪ ನಾಯಕ, ಜೊತೆಗೆ ಬಿಳಗಿಯವರು. ಮುಪ್ಪಿನಲ್ಲಿ ಸೆರೆಸಿಕ್ಕ ರಾಣಿ ಸೆರೆಯಲ್ಲೇ ತೀರಿಕೊಂಡಳು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಹೊಳೆಯ ಮೇಲೆ ಗೇರುಸೊಪ್ಪೆಗೆ ಬಂದ. ಬರೀ 17 ವರ್ಷ ಆಗಿತ್ತು. ಅರಮನೆ ಬಿದ್ದು ಪಟ್ಟಣಕ್ಕೆ ಕಾಡು ಹತ್ತಿತ್ತು. ರಾಣಿ ಯಾರೋ ಪರದೇಶಿಗೆ ಮನಸೋತು ರಾಜ್ಯ ಕಳೆದುಕೊಂಡಳು ಎಂಬ ಕಥೆಯನ್ನೂ ಅವನು ಬರೆದುಕೊಂಡು ಹೋದ. ಅರ್ಧ ಶತಮಾನ ಬಂದರು ನಡೆಸಿದವಳ ಬಗ್ಗೆ ಅಷ್ಟರೊಳಗೆ ಇಂಥ ಮಾತು!

ಕಲ್ಲಿನಲ್ಲಿ ಕಟ್ಟಿದ್ದು ಉಳಿದಿದೆ. ಶರಾವತಿಯ ಆಚೆ ದಡದ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ, ಭಟ್ಕಳದಲ್ಲಿ ಜಟ್ಟಪ್ಪ ನಾಯಕನ ಬಸದಿ, ಕೊಂಕಣಿ ವ್ಯಾಪಾರಿ ಖೇತಪೈ ಕಟ್ಟಿಸಿದ ನಾರಾಯಣ ದೇವಸ್ಥಾನ. ಹಾಡುವಳ್ಳಿಯ ಭಟ್ಟಾಕಳಂಕ 1604ರಲ್ಲಿ ಮುಗಿಸಿದ ಕನ್ನಡ ವ್ಯಾಕರಣವೂ ಇದೇ ಸೀಮೆಯ ಆಸ್ತಿ. ಮೆಣಸಿನ ಕೊಟ್ಟಿಗೆ, ಕುದುರೆ ಇಳಿಸುವ ಜಾಗ, ಅವು ಹೋದವು. ಆದರೆ ಕೊಂಕಣಿಗೆ ಅರಬ್ಬೀ, ಪಾರ್ಸಿ ಶಬ್ದ ಬೆರೆತ ನವಾಯತಿ ಮಾತು ಭಟ್ಕಳದ ಅಂಗಡಿಗಳಲ್ಲಿ ಇವತ್ತಿಗೂ ಕೇಳುತ್ತದೆ.