ಪಾಸ್‌ಪೋರ್ಟ್ ಇಲ್ಲದ ಗಾಯಕ

ಅಪ್ರಿಯನಾದ ಪ್ರಜೆಯನ್ನು ಸೆರೆಮನೆಗೆ ಕಳುಹಿಸಲು ಸರ್ಕಾರಕ್ಕೆ ಆರೋಪ, ಸಾಕ್ಷ್ಯ, ವಿಚಾರಣೆ ಬೇಕು. ಆದರೆ ಅವನನ್ನು ದೇಶದೊಳಗೇ ಕಟ್ಟಿಹಾಕಲು ಪಾಸ್‌ಪೋರ್ಟ್ ಕಸಿದುಕೊಂಡರೆ ಸಾಕು. ಅಮೆರಿಕದ ಕಪ್ಪು ಗಾಯಕ ಪಾಲ್ ರೋಬ್ಸನ್ ಎಂಟು ವರ್ಷ ಅನುಭವಿಸಿದ್ದು ಇಂಥ ಶಿಕ್ಷೆಯನ್ನು.

1898ರಲ್ಲಿ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಜನಿಸಿದ ರೋಬ್ಸನ್, ಗುಲಾಮಗಿರಿಯಿಂದ ಪಾರಾಗಿ ಪಾದ್ರಿಯಾದವರೊಬ್ಬರ ಮಗ. ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪದವೀಧರರಾದರೂ ವರ್ಣದ್ವೇಷದಿಂದ ಬೇಸತ್ತು ವಕೀಲಿ ವೃತ್ತಿ ತೊರೆದು ರಂಗಭೂಮಿ, ಸಂಗೀತಗಳತ್ತ ಹೊರಳಿದರು. 1943ರಲ್ಲಿ ಬ್ರಾಡ್‌ವೇಯಲ್ಲಿ ಅವರು ಅಭಿನಯಿಸಿದ ‘ಒಥೆಲೊ’ 296 ಪ್ರದರ್ಶನಗಳನ್ನು ಕಂಡಿತು.

ವಸಾಹತುಶಾಹಿಯನ್ನೂ ಸ್ವದೇಶದ ವರ್ಣಭೇದವನ್ನೂ ವಿದೇಶಿ ವೇದಿಕೆಗಳಲ್ಲಿ ಖಂಡಿಸುತ್ತಿದ್ದ, ಸೋವಿಯತ್ ಒಕ್ಕೂಟವನ್ನು ಮೆಚ್ಚುತ್ತಿದ್ದ ಅವರು ಶೀತಲ ಸಮರದ ದಿನಗಳಲ್ಲಿ ಸರ್ಕಾರದ ಕೆಂಗಣ್ಣಿಗೆ ಗುರಿಯಾದರು. ಸ್ಟಾಲಿನ್ ದಬ್ಬಾಳಿಕೆಯ ಬಗ್ಗೆ ಅವರು ತಳೆದ ಮೌನ ಟೀಕಾರ್ಹವೇ. ಆದರೆ ಅಭಿಪ್ರಾಯಕ್ಕೆ ಉತ್ತರ ವಾದವೇ ಹೊರತು ನಿರ್ಬಂಧವಲ್ಲ.

1950ರಲ್ಲಿ ಪಾಸ್‌ಪೋರ್ಟ್ ರದ್ದಾಯಿತು. ಸ್ವದೇಶದ ಸಭಾಂಗಣಗಳೂ ಬಾಗಿಲು ಮುಚ್ಚಿದವು, ಆದಾಯ ಕುಸಿಯಿತು. ಕೆನಡಾ ಪ್ರವೇಶಕ್ಕೆ ಪಾಸ್‌ಪೋರ್ಟ್ ಬೇಕಿರದಿದ್ದರೂ 1952ರಲ್ಲಿ ಅವರನ್ನು ಗಡಿಯಲ್ಲಿ ತಡೆಯಲಾಯಿತು. ಆಗ ಗಡಿಯಲ್ಲೇ ಇರುವ ಪೀಸ್ ಆರ್ಚ್ ಉದ್ಯಾನದಲ್ಲಿ ಲಾರಿಯ ಮೇಲೆ ನಿಂತು ಎರಡೂ ದೇಶಗಳ ಸಾವಿರಾರು ಶ್ರೋತೃಗಳಿಗಾಗಿ ಹಾಡಿದರು. 1957ರಲ್ಲಿ ವೇಲ್ಸ್‌ನ ಗಣಿ ಕಾರ್ಮಿಕರನ್ನು ಅವರ ದನಿ ತಲುಪಿದ್ದು ಅಟ್ಲಾಂಟಿಕ್ ಸಾಗರದಡಿಯ ದೂರವಾಣಿ ತಂತಿಯ ಮೂಲಕ.

ಬಿಡುಗಡೆ ದೊರೆತದ್ದು ಚಿತ್ರಕಲಾವಿದ ರಾಕ್‌ವೆಲ್ ಕೆಂಟ್ ಹೂಡಿದ್ದ ಮೊಕದ್ದಮೆಯಿಂದ. ಪ್ರಯಾಣದ ಹಕ್ಕು ಸಂವಿಧಾನದ ಐದನೇ ತಿದ್ದುಪಡಿ ರಕ್ಷಿಸುವ ಸ್ವಾತಂತ್ರ್ಯದ ಭಾಗ. ನಂಬಿಕೆಗಳ ಕಾರಣಕ್ಕೆ ಪಾಸ್‌ಪೋರ್ಟ್ ನಿರಾಕರಿಸುವ ಅಧಿಕಾರವನ್ನು ಕಾಂಗ್ರೆಸ್ ವಿದೇಶಾಂಗ ಕಾರ್ಯದರ್ಶಿಗೆ ಕೊಟ್ಟಿಲ್ಲ ಎಂದು 1958ರ ಜೂನ್ 16ರಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ತೀರ್ಪಿತ್ತಿತು. ಕಾಂಗ್ರೆಸ್ಸೇ ಅಂಥ ಕಾನೂನು ಮಾಡಿದರೆ ಏನು ಎಂಬ ಪ್ರಶ್ನೆ ಉಳಿಯಿತು. ಕಮ್ಯುನಿಸ್ಟ್ ಸಂಘಟನೆಗಳ ಸದಸ್ಯರಿಗೆ ಪಾಸ್‌ಪೋರ್ಟ್ ನಿರಾಕರಿಸುವ ಕಾನೂನನ್ನು 1964ರಲ್ಲಿ ಅದೇ ನ್ಯಾಯಾಲಯ ಅಸಾಂವಿಧಾನಿಕವೆಂದು ಸಾರಿತು.

ಭಾರತದಲ್ಲೂ ಪಾಸ್‌ಪೋರ್ಟ್ ಬಹುಕಾಲ ಸರ್ಕಾರದ ಮರ್ಜಿಗೆ ಒಳಪಟ್ಟಿತ್ತು. ವಿದೇಶ ಪ್ರಯಾಣ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರ ಸತ್ವಂತ್ ಸಿಂಗ್ ಪ್ರಕರಣದಲ್ಲಿ. ಪಾಸ್‌ಪೋರ್ಟ್ ಕಾಯ್ದೆ ಬಂದದ್ದು ಆ ಬಳಿಕವೇ. ಕಾಯ್ದೆ ಇದ್ದರಷ್ಟೇ ಸಾಲದು, ಅದರ ಕ್ರಮವೂ ನ್ಯಾಯಯುತವಾಗಿರಬೇಕು ಎಂಬುದನ್ನು 1978ರ ಮೇನಕಾ ಗಾಂಧಿ ತೀರ್ಪು ಸ್ಥಾಪಿಸಿತು.

ತೀರ್ಪಿನ ಬಳಿಕ ರೋಬ್ಸನ್ ಲಂಡನ್ನಿಗೆ ತೆರಳಿ ಮತ್ತೆ ಹಾಡಿದರು. ಕೆಲವೇ ವರ್ಷಗಳಲ್ಲಿ ಆರೋಗ್ಯ ಕೆಟ್ಟು ವೇದಿಕೆಯಿಂದ ದೂರವಾದರು. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ನಿಧನರಾದರು. ನ್ಯಾಯಾಲಯ ಪಾಸ್‌ಪೋರ್ಟನ್ನು ಮರಳಿಸಬಲ್ಲದು, ಕಲಾವಿದನ ಮಾಗಿದ ವಯಸ್ಸಿನ ಎಂಟು ವರ್ಷಗಳನ್ನಲ್ಲ. ನಿರ್ಬಂಧಕ್ಕೆ ಮೊದಲೇ ಕಾರಣ ತಿಳಿಸಿ ಅಹವಾಲು ಆಲಿಸಬೇಕೆನ್ನುವುದು ಈ ಕಾರಣಕ್ಕೇ.