ಎಡ್ಮಂಡ್ ಬರ್ಕ್

ಎಡ್ಮಂಡ್ ಬರ್ಕ್ (ಜನವರಿ 12, 1729 – ಜುಲೈ 9, 1797) ಐರ್ಲೆಂಡಿನಲ್ಲಿ ಜನಿಸಿದ ಬ್ರಿಟಿಷ್ ರಾಜಕಾರಣಿ, ವಾಗ್ಮಿ ಹಾಗೂ ರಾಜಕೀಯ ಚಿಂತಕ. ಆಧುನಿಕ ಸಂಪ್ರದಾಯವಾದಿ ರಾಜಕೀಯ ಚಿಂತನೆಯ ಮೂಲಪುರುಷನೆಂದು ಈತನನ್ನು ಪರಿಗಣಿಸಲಾಗಿದೆ. ಆದರೆ ಬರ್ಕ್ ತನ್ನ ಜೀವಿತಕಾಲದಲ್ಲಿ ವಿಗ್ ಪಕ್ಷದವನಾಗಿದ್ದನು. ಇಂಗ್ಲೆಂಡಿನಲ್ಲಿ ಕನ್ಸರ್ವೇಟಿವ್ ಎಂಬ ಹೆಸರಿನ ಪಕ್ಷ ರೂಪುಗೊಂಡದ್ದು ಈತನ ಮರಣಾನಂತರ, 1830ರ ದಶಕದಲ್ಲಿ.

ಜನನ ಮತ್ತು ವಿದ್ಯಾಭ್ಯಾಸ

ಬರ್ಕ್ ಡಬ್ಲಿನ್ ನಗರದಲ್ಲಿ ಜನಿಸಿದನು. ತಂದೆ ರಿಚರ್ಡ್ ಪ್ರಾಟೆಸ್ಟೆಂಟ್ ಮತದ ವಕೀಲ. ತಾಯಿ ಮೇರಿ ನೇಗಲ್ ಕ್ಯಾಥೊಲಿಕ್ ಮನೆತನದವಳು. ಬ್ಯಾಲಿಟೋರ್ ಎಂಬಲ್ಲಿ ಕ್ವೇಕರ್ ಪಂಥದವರು ನಡೆಸುತ್ತಿದ್ದ ಶಾಲೆಯಲ್ಲಿ ಓದಿ, 1748ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಿಂದ ಪದವಿ ಪಡೆದನು. ಮೂರು ಮತಗಳ ಈ ಪರಿಚಯವು ಆತನ ಧಾರ್ಮಿಕ ಸಹಿಷ್ಣುತೆಗೆ ಅಡಿಪಾಯವಾಯಿತು. ಕಾನೂನು ಅಧ್ಯಯನಕ್ಕಾಗಿ 1750ರಲ್ಲಿ ಲಂಡನ್ನಿಗೆ ಬಂದರೂ ಅದನ್ನು ತೊರೆದು ಬರವಣಿಗೆಯತ್ತ ತಿರುಗಿದನು. ಭವ್ಯತೆ ಮತ್ತು ಸೌಂದರ್ಯಗಳನ್ನು ಕುರಿತು 1757ರಲ್ಲಿ ಪ್ರಕಟಿಸಿದ ಗ್ರಂಥ ಆತನಿಗೆ ಯೂರೋಪಿನಲ್ಲಿ ಹೆಸರು ತಂದಿತು.

ಪಾರ್ಲಿಮೆಂಟಿನಲ್ಲಿ

1765ರಲ್ಲಿ ಪ್ರಧಾನಿ ರಾಕಿಂಗ್‌ಹ್ಯಾಮನ ಆಪ್ತ ಕಾರ್ಯದರ್ಶಿಯಾದ ಬರ್ಕ್, ಅದೇ ವರ್ಷ ಕಾಮನ್ಸ್ ಸಭೆಗೆ ಆಯ್ಕೆಯಾದನು. ಪಕ್ಷವೆಂದರೆ ಸ್ವಾರ್ಥಿಗಳ ಕೂಟ ಎಂಬ ಭಾವನೆ ಬಲವಾಗಿದ್ದ ಕಾಲವದು. ಒಂದು ತತ್ತ್ವವನ್ನು ಒಪ್ಪಿದವರು ರಾಷ್ಟ್ರಹಿತಕ್ಕಾಗಿ ಒಗ್ಗೂಡಿ ದುಡಿಯುವ ಸಂಘಟನೆಯೇ ಪಕ್ಷ ಎಂದು 1770ರ ಕೃತಿಯೊಂದರಲ್ಲಿ ಬರ್ಕ್ ಪ್ರತಿಪಾದಿಸಿದನು.

ಅಮೆರಿಕದ ವಸಾಹತುಗಳ ಮೇಲೆ ತೆರಿಗೆ ಹೇರುವುದನ್ನು ವಿರೋಧಿಸಿ 1774 ಮತ್ತು 1775ರಲ್ಲಿ ಪ್ರಸಿದ್ಧ ಭಾಷಣಗಳನ್ನು ಮಾಡಿದನು. 1774ರಲ್ಲಿ ಬ್ರಿಸ್ಟಲ್ ನಗರದಿಂದ ಆಯ್ಕೆಯಾದಾಗ, ಜನಪ್ರತಿನಿಧಿಯು ಮತದಾರರ ಅಪ್ಪಣೆಯನ್ನು ಪಾಲಿಸುವ ದೂತನಲ್ಲ, ತನ್ನ ವಿವೇಚನೆಯನ್ನು ಬಳಸಬೇಕಾದವನು ಎಂದು ಸ್ಪಷ್ಟಪಡಿಸಿದನು. ಈ ನಿಲುವಿಗೆ ಆತ ಬೆಲೆ ತೆರಬೇಕಾಯಿತು. ಐರ್ಲೆಂಡಿನ ವ್ಯಾಪಾರ ಸ್ವಾತಂತ್ರ್ಯವನ್ನೂ ಕ್ಯಾಥೊಲಿಕರ ಹಕ್ಕುಗಳನ್ನೂ ಬೆಂಬಲಿಸಿದ್ದರಿಂದ ಬ್ರಿಸ್ಟಲಿನ ವರ್ತಕರು ಮುನಿದರು. 1780ರಲ್ಲಿ ಆತ ಆ ಕ್ಷೇತ್ರವನ್ನು ಬಿಡಬೇಕಾಯಿತು.

ಭಾರತ ಮತ್ತು ಬರ್ಕ್

ಈಸ್ಟ್ ಇಂಡಿಯಾ ಕಂಪನಿಯ ದುರಾಡಳಿತದ ವಿರುದ್ಧ ಬರ್ಕ್ ದೀರ್ಘಕಾಲ ಹೋರಾಡಿದನು. ಆರ್ಕಾಟಿನ ನವಾಬನ ಸಾಲಗಳನ್ನು ಕುರಿತ 1785ರ ಭಾಷಣದಲ್ಲಿ, 1780ರಲ್ಲಿ ಮೈಸೂರಿನ ಹೈದರಾಲಿ ನಡೆಸಿದ ದಂಡಯಾತ್ರೆಯಿಂದ ಉಂಟಾದ ನಾಶವನ್ನು ವಿವರವಾಗಿ ಚಿತ್ರಿಸಿದನು. ಆ ಅನರ್ಥಕ್ಕೆ ನವಾಬನ ಮತ್ತು ಅವನ ಸಾಲಿಗರ ದುರಾಸೆ ಹಾಗೂ ಕಂಪನಿಯವರ ವಚನಭಂಗವೇ ಕಾರಣವೆಂದು ವಾದಿಸಿದನು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನ ವಿರುದ್ಧ 1788ರಲ್ಲಿ ಲಾರ್ಡ್ಸ್ ಸಭೆಯ ಮುಂದೆ ಮಹಾಭಿಯೋಗದ ವಿಚಾರಣೆ ಆರಂಭವಾಯಿತು. ಏಳು ವರ್ಷಗಳ ಬಳಿಕ, 1795ರಲ್ಲಿ, ಹೇಸ್ಟಿಂಗ್ಸ್ ಖುಲಾಸೆಯಾದನು.

ಫ್ರಾನ್ಸಿನ ಕ್ರಾಂತಿ

1789ರ ಫ್ರಾನ್ಸಿನ ಕ್ರಾಂತಿಯನ್ನು ಇಂಗ್ಲೆಂಡಿನ ಅನೇಕ ವಿಗ್ ನಾಯಕರು ಸ್ವಾಗತಿಸಿದರು. ಬರ್ಕ್ 1790ರ ನವೆಂಬರಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ತೀವ್ರವಾಗಿ ಖಂಡಿಸಿದನು. ಆತನ ಪ್ರಕಾರ ಸಮಾಜವು ಗತಿಸಿದವರು, ಬದುಕಿರುವವರು ಮತ್ತು ಮುಂದೆ ಹುಟ್ಟಲಿರುವವರ ನಡುವಣ ಪಾಲುದಾರಿಕೆ. ಶತಮಾನಗಳ ಅನುಭವದಿಂದ ಬೆಳೆದ ಸಂಸ್ಥೆಗಳನ್ನು ಕೇವಲ ತರ್ಕದ ಬಲದಿಂದ ಕೆಡವಿದರೆ ಅರಾಜಕತೆಯೂ ಕೊನೆಗೆ ಸೇನಾನಾಯಕನೊಬ್ಬನ ಸರ್ವಾಧಿಕಾರವೂ ಉಂಟಾಗುತ್ತವೆ ಎಂದು ಎಚ್ಚರಿಸಿದನು. ನೆಪೋಲಿಯನ್ 1799ರಲ್ಲಿ ಅಧಿಕಾರ ಹಿಡಿದಾಗ ಈ ಮಾತು ನಿಜವಾಯಿತು. ಅದನ್ನು ಕಾಣಲು ಬರ್ಕ್ ಬದುಕಿರಲಿಲ್ಲ.

ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮತ್ತು ಥಾಮಸ್ ಪೇಯ್ನ್ ಈ ಗ್ರಂಥಕ್ಕೆ ಪ್ರತಿಗ್ರಂಥಗಳನ್ನು ಬರೆದರು. ರಾಜಮನೆತನದ ದುಃಖಕ್ಕೆ ಮರುಗುವ ಬರ್ಕ್ ಬಡವರ ಬವಣೆಯನ್ನು ಮರೆತಿದ್ದಾನೆ ಎಂಬುದು ಅವರ ಮುಖ್ಯ ಆಕ್ಷೇಪವಾಗಿತ್ತು. 1791ರ ಮೇ ತಿಂಗಳಿನಲ್ಲಿ, ದೀರ್ಘಕಾಲದ ಗೆಳೆಯ ಚಾರ್ಲ್ಸ್ ಜೇಮ್ಸ್ ಫಾಕ್ಸನೊಂದಿಗಿನ ಸ್ನೇಹವು ಕಾಮನ್ಸ್ ಸಭೆಯಲ್ಲಿಯೇ ಮುರಿದುಬಿದ್ದಿತು.

ಕೊನೆಯ ದಿನಗಳು

1794ರಲ್ಲಿ ಬರ್ಕ್ ಪಾರ್ಲಿಮೆಂಟಿನಿಂದ ನಿವೃತ್ತನಾದನು. ಅದೇ ವರ್ಷದ ಆಗಸ್ಟಿನಲ್ಲಿ ಮಗ ರಿಚರ್ಡ್ ತೀರಿಕೊಂಡನು. ಈ ಆಘಾತದಿಂದ ಚೇತರಿಸಿಕೊಳ್ಳದ ಬರ್ಕ್ 1797ರಲ್ಲಿ ಬೀಕನ್ಸ್‌ಫೀಲ್ಡಿನ ತನ್ನ ಮನೆಯಲ್ಲಿ ನಿಧನ ಹೊಂದಿದನು.

ಪ್ರಭಾವ

ಅಮೆರಿಕನ್ನರ ಪರ ನಿಂತವನು ಫ್ರಾನ್ಸಿನ ಕ್ರಾಂತಿಯನ್ನು ವಿರೋಧಿಸಿದ್ದು ಅಸಂಗತವೆಂದು ಹಲವರು ಟೀಕಿಸಿದ್ದಾರೆ. ಅಂಕೆಯಿಲ್ಲದ ಅಧಿಕಾರದ ವಿರೋಧವೇ ಆತನ ಎಲ್ಲ ಹೋರಾಟಗಳ ಸಮಾನ ಸೂತ್ರ ಎಂಬುದು ಇತರರ ಅಭಿಪ್ರಾಯ. ಬರ್ಕ್ ಬದಲಾವಣೆಯ ವಿರೋಧಿಯಾಗಿರಲಿಲ್ಲ. ಬದಲಾಗಲಾರದ ರಾಜ್ಯವು ಉಳಿಯಲಾರದೆಂದೂ, ಬದಲಾವಣೆಯು ಕ್ರಮೇಣ ಆಗಬೇಕೆಂದೂ ನಂಬಿದ್ದನು. ರಾಬರ್ಟ್ ಪೀಲ್ 1834ರ ಟ್ಯಾಮ್‌ವರ್ತ್ ಪ್ರಣಾಳಿಕೆಯಲ್ಲಿ ಅಗತ್ಯ ಸುಧಾರಣೆಗಳನ್ನು ಒಪ್ಪಿಕೊಂಡು ಹೊಸ ಕನ್ಸರ್ವೇಟಿವ್ ಪಕ್ಷಕ್ಕೆ ದಾರಿ ಮಾಡಿದಾಗ ಅನುಸರಿಸಿದ್ದು ಇದೇ ಬಗೆಯ ನಿಲುವನ್ನು. ಅಮೆರಿಕದಲ್ಲಿ ರಸೆಲ್ ಕರ್ಕ್ 1953ರಲ್ಲಿ ಪ್ರಕಟಿಸಿದ ಗ್ರಂಥವು ಸಂಪ್ರದಾಯವಾದದ ಪರಂಪರೆಯನ್ನು ಬರ್ಕನಿಂದಲೇ ಆರಂಭಿಸುತ್ತದೆ.