ಮನಶ್ಶಾಸ್ತ್ರಕ್ಕೆ ಮೈಸೂರಿನಲ್ಲಿ ನೆಲೆ ಮಾಡಿಕೊಟ್ಟವರು

ಪುಣೆಯಲ್ಲಿ ನಮ್ಮ ಮನೆಯಲ್ಲಿದ್ದು ಓದುತ್ತಿರುವ ಅಣ್ಣನ ಮಗಳು ಹನ್ನೆರಡನೆಯ ತರಗತಿ ಮುಗಿಸಿದವಳೇ, ಮನಶ್ಶಾಸ್ತ್ರವನ್ನು ಓದುತ್ತೇನೆಂದು ಹಟ ಹಿಡಿದಳು. ಆ ಓದಿನಿಂದ ಹೊಟ್ಟೆ ತುಂಬೀತೇ ಎಂಬುದು ಹಿರಿಯರ ಆತಂಕ. ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಗುಮಾಸ್ತರಾಗಿ ನೆಲೆ ನಿಂತ ನಮ್ಮನ್ನೇ ಅವಳೆದುರು ನಿದರ್ಶನವಾಗಿ ನಿಲ್ಲಿಸಿದರು. ನಮಗಾದರೋ ಆಗ ನೆನಪಿಗೆ ಬಂದವರು ಡಾ. ಎಂ. ವಿ. ಗೋಪಾಲಸ್ವಾಮಿಯವರು. ಮೈಸೂರಿನ ಆಕಾಶವಾಣಿಯ ಸ್ಥಾಪಕರೆಂದು ಅವರನ್ನು ಬಲ್ಲವರು ಬಹಳ ಮಂದಿ. ಅವರ ನಿಜವಾದ ವೃತ್ತಿ ಮನಶ್ಶಾಸ್ತ್ರವೆಂಬುದನ್ನು ಬಲ್ಲವರು ಕಡಿಮೆ.

ಗೋಪಾಲಸ್ವಾಮಿಯವರು ಲಂಡನ್ನಿಗೆ ತೆರಳಿ, ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. ಬಿ.ಕಾಂ. ಓದಿದವರಿಗೆ ಈ ಗುರುವಿನ ಹೆಸರು ಹೊಸತಲ್ಲ. ಕನ್ನಡದಲ್ಲಿ ಮೊದಲ ಸ್ಥಾನ ಪಡೆದ ಹುಡುಗ ಗಣಿತದಲ್ಲಿ ಎಷ್ಟನೆಯವನು, ಎರಡು ಸ್ಥಾನಗಳಿಗೂ ಸಂಬಂಧವೆಷ್ಟು ಎಂದು ಲೆಕ್ಕ ಹಾಕುವ ಸ್ಪಿಯರ್‌ಮನ್ ಸೂತ್ರವನ್ನು ನಾವೂ ಸಂಖ್ಯಾಶಾಸ್ತ್ರದ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದು ಮನಸ್ಸಿನ ಶಕ್ತಿಯನ್ನು ಅಳೆಯ ಹೊರಟವರೊಬ್ಬರ ಸೂತ್ರವೆಂದು ನಮಗಾಗ ತಿಳಿದಿರಲಿಲ್ಲ. ಆ ಸ್ಪಿಯರ್‌ಮನ್ನರೂ ಮೊದಲು ಸೈನ್ಯದಲ್ಲಿ ಎಂಜಿನಿಯರ್ ಅಧಿಕಾರಿಯಾಗಿದ್ದವರು. 1897ರಲ್ಲಿ, ಮೂವತ್ತು ದಾಟಿದ ಮೇಲೆ, ಆ ಕೆಲಸ ಬಿಟ್ಟು ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಅವರ ಬಳಿ ವಿದ್ಯಾರ್ಥಿಯಾಗಿ ಕುಳಿತರು. ಡಾಕ್ಟರೇಟ್ ಕೈಸೇರಿದ್ದು 1906ರಲ್ಲಿ, ನಲವತ್ತು ದಾಟಿದ ಬಳಿಕ.

ಇಂಥ ಗುರುವಿನಿಂದ ಕಲಿತು ಬಂದ ಗೋಪಾಲಸ್ವಾಮಿಯವರಿಗೆ ತಾಯ್ನಾಡಿನಲ್ಲಿ ಸಿದ್ಧವಾದ ಹುದ್ದೆಗಳೇನೂ ಸಾಲುಗಟ್ಟಿ ನಿಂತಿರಲಿಲ್ಲ. ಭಾರತದಲ್ಲಿ ಮನಶ್ಶಾಸ್ತ್ರಕ್ಕೆಂದೇ ಒಂದು ವಿಭಾಗ ಮೊದಲು ತೆರೆದದ್ದು ಕಲ್ಕತ್ತೆಯಲ್ಲಿ, 1916ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಗ ತತ್ತ್ವಜ್ಞರಾದ ಬ್ರಜೇಂದ್ರನಾಥ ಸೀಲರು ಕುಲಪತಿಗಳು. 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಯಿತು. ತತ್ತ್ವಶಾಸ್ತ್ರದ ಒಂದು ಮೂಲೆಯಲ್ಲಿದ್ದ ವಿಷಯಕ್ಕೆ ಪ್ರಯೋಗಶಾಲೆ ಬಂದಿತು. ಪಶ್ಚಿಮದ ಮಕ್ಕಳಿಗಾಗಿ ಮಾಡಿದ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹಾಗೆಯೇ ಒಡ್ಡಿದರೆ ಅಳತೆ ತಪ್ಪುವುದು ಸಹಜವಷ್ಟೆ. ಆದುದರಿಂದ ಅವನ್ನು ಈ ದೇಶಕ್ಕೆ ಒಗ್ಗಿಸುವ ಕೆಲಸಕ್ಕೆ ಮೊದಲು ಕೈ ಹಾಕಿದವರಲ್ಲಿ ಅವರೂ ಒಬ್ಬರು. ಪರಭಾಷೆಯ ಶಾಲೆಗಳಲ್ಲಿ ಕಲಿಯುವ ಮಕ್ಕಳ ತಂದೆತಾಯಿಗಳಾದ ನಮಗೆ ಈ ಕೆಲಸದ ಬೆಲೆ ಬೇಗ ಅರ್ಥವಾಗಬೇಕು.

ಪಾಠ ಹೇಳುವುದರಿಂದಷ್ಟೇ ಅವರಿಗೆ ತೃಪ್ತಿಯಾಗಲಿಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ, ಕೇವಲ 30 ವ್ಯಾಟ್ ಶಕ್ತಿಯ ಪ್ರಸಾರಯಂತ್ರದಿಂದ ಬಾನುಲಿಯನ್ನು ಆರಂಭಿಸಿದರು. ಕುವೆಂಪು ಅವರ ಕಾವ್ಯವಾಚನದಿಂದ ಅದರ ಶುಭಾರಂಭವಾಯಿತು. ಹಲವು ವರ್ಷ ಕಷ್ಟಪಟ್ಟು ನಡೆಸಿದ ಆ ಕೇಂದ್ರವನ್ನು ಮುಂದೆ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಆಕಾಶವಾಣಿಯೆಂಬ ಅದರ ಹೆಸರೇ 1950ರ ದಶಕದಲ್ಲಿ ಇಡೀ ದೇಶದ ಬಾನುಲಿಯ ಹೆಸರಾಯಿತು. ಕನ್ನಡ ನಾಡು ಒಂದಾದ 1956ರ ನವೆಂಬರ್ 1ನ್ನು ಕಂಡು, 1957ರಲ್ಲಿ ಗೋಪಾಲಸ್ವಾಮಿಯವರು ಕಾಲವಾದರು.

ಅವರಿಗೆ ಇಲ್ಲದಿದ್ದ ಮೆಟ್ಟಿಲುಗಳು ಇಂದಿನವರಿಗೆ ಇವೆ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅದೇ ನಿಮ್ಹಾನ್ಸ್‌ನ ಅಂಗವಾಯಿತು. ಮನಶ್ಶಾಸ್ತ್ರದಲ್ಲಿ ಪದವಿ, ಅನಂತರ ಎಂ.ಎ. ಅಥವಾ ಎಂ.ಎಸ್‌ಸಿ. ಮಾಡಿದವರು ಶಾಲೆಗಳಲ್ಲಿ ಮಕ್ಕಳಿಗೆ ಸಲಹೆ ಕೊಡುವ ಕೆಲಸಕ್ಕೂ, ಕಂಪನಿಗಳಲ್ಲಿ ನೌಕರರ ಆಯ್ಕೆ-ತರಬೇತಿಗಳಿಗೂ, ಅಧ್ಯಾಪನ-ಸಂಶೋಧನೆಗಳಿಗೂ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಬೇಕಾದರೆ ಎಂ.ಎ. ಒಂದೇ ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿಯನ್ನು ಮುಗಿಸಿ ಅಲ್ಲಿ ಹೆಸರು ನೋಂದಾಯಿಸಬೇಕು. ಔಷಧ ಬರೆಯುವ ಮನೋವೈದ್ಯರ ದಾರಿಯೇ ಬೇರೆ. ಅವರು ಮೊದಲು ಎಂ.ಬಿ.ಬಿ.ಎಸ್. ಮಾಡಬೇಕು. ಸೇರುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸುವುದು, ಸಾಲ ಕೊಡುವ ಮೊದಲು ಕಾಗದಪತ್ರ ನೋಡುವಷ್ಟೇ ಅಗತ್ಯ.

ಇದನ್ನೆಲ್ಲ ಹೇಳಿದ ಮೇಲೆ ಹಿರಿಯರ ಆತಂಕ ಪೂರ್ತಿ ಹೋಯಿತೆನ್ನಲಾರೆವು. ಆದರೂ ಹುಡುಗಿ ಮನಶ್ಶಾಸ್ತ್ರಕ್ಕೇ ಸೇರಿದ್ದಾಳೆ. ಮೊನ್ನೆ ಸಂಖ್ಯಾಶಾಸ್ತ್ರದ ಪುಸ್ತಕ ಹಿಡಿದು, ಲೆಕ್ಕ ಬಾರದೆಂದು ಸಪ್ಪೆ ಮುಖ ಮಾಡಿಕೊಂಡು ನಮ್ಮ ಬಳಿ ಬಂದಳು. ತೆರೆದ ಪುಟದಲ್ಲಿ ಸ್ಪಿಯರ್‌ಮನ್ನರ ಸೂತ್ರವೇ ಇದ್ದಿತು. ಬ್ಯಾಂಕಿನಿಂದ ದಣಿದು ಬಂದಿದ್ದರೂ, ಅಂದು ರಾತ್ರಿ ಅವಳ ಜೊತೆ ಕುಳಿತು ಆ ಲೆಕ್ಕವನ್ನು ಮಾಡಿ ಮುಗಿಸಿದೆವು.